ರಕ್ತದ ಸೂಚಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ? ಗರ್ಭಕಂಠದ ಕ್ಯಾನ್ಸರ್ ಕುರಿತ ಎರಡು ಅವಧಿಗಳ ಪಾಠ

ತರಗತಿ: 10
ವಿಷಯ: ವಿಜ್ಞಾನ (ಜೀವಶಾಸ್ತ್ರ)
ಘಟಕ: ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ? ಉಪಘಟಕ: ಸಂತಾನೋತ್ಪತ್ತಿ ಆರೋಗ್ಯ
ಅವಧಿ: ತಲಾ 40 ನಿಮಿಷಗಳ ಎರಡು ಅವಧಿಗಳು
ಬೋಧಿಸಿದ್ದು: ಹುಮನಾಬಾದ್ ಮತ್ತು ಬಸವಕಲ್ಯಾಣದ ತಲಾ ಒಂದು ಪ್ರೌಢಶಾಲೆಯಲ್ಲಿ

1. ಪಾಠದ ಅಗತ್ಯ

ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಬಗ್ಗೆ ಹತ್ತನೆಯ ತರಗತಿಯ ಪಠ್ಯದಲ್ಲಿರುವುದು ಕೆಲವೇ ಸಾಲು. ಅಲ್ಲಿ ವೈರಸ್ ಸೋಂಕಿಗೆ ಎರಡು ಉದಾಹರಣೆಗಳಿವೆ: ನರಹುಲಿ ಮತ್ತು ಎಚ್‌ಐವಿ-ಏಡ್ಸ್. ಏಡ್ಸ್ ಬಗ್ಗೆ ಮಕ್ಕಳು ಗೋಡೆಬರಹದಲ್ಲಾದರೂ ಓದಿರುತ್ತಾರೆ. ನರಹುಲಿ ಎಂಬ ಪದವನ್ನು ಮಾತ್ರ ನಾವು ಓದಿಸಿ ಮುಂದೆ ಹೋಗುತ್ತೇವೆ. ನರಹುಲಿಗೆ ಕಾರಣವಾದ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ, ಅಂದರೆ ಎಚ್‌ಪಿವಿಯ, ಬೇರೆ ಕೆಲವು ಬಗೆಗಳೇ ಗರ್ಭಕಂಠದ ಕ್ಯಾನ್ಸರಿಗೂ ಕಾರಣ. ಈ ಸಂಬಂಧವನ್ನು ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ 1980ರ ದಶಕದಲ್ಲಿ ತೋರಿಸಿಕೊಟ್ಟರು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು.

ಪಾಠಕ್ಕೆ ಮುಂಚಿನ ದಿನ ತರಗತಿಯಲ್ಲಿ ಒಂದು ಪ್ರಶ್ನೆಪೆಟ್ಟಿಗೆ ಇಟ್ಟು, ಹೆಸರು ಬರೆಯದೆ ಚೀಟಿ ಹಾಕಲು ಹೇಳಲಾಯಿತು. ಎರಡೂ ಶಾಲೆಗಳಲ್ಲಿ ಒಂದೇ ಅರ್ಥದ ಪ್ರಶ್ನೆ ಹಲವು ಚೀಟಿಗಳಲ್ಲಿ ಬಂತು. ಒಂದು ಚೀಟಿಯ ಮಾತು ಹೀಗಿತ್ತು: "ರಕ್ತ ತಪಾಸಣಿದಾಗ ಎಲ್ಲಾ ನಾರ್ಮಲ್ ಬಂದ್ರ ಕ್ಯಾನ್ಸರ್ ಇಲ್ಲ ಅಂತ ತಿಳ್ಕೋಬೇಕೇನ್ರಿ?" ಈ ಭಾಗದಲ್ಲಿ ಆಸ್ಪತ್ರೆಗೆ ಹೋದವರು "ರಕ್ತ ತೋರಿಸ್ಯಾರ, ಏನೂ ಇಲ್ಲ" ಎಂದು ಸಮಾಧಾನದಿಂದ ಹೇಳುವುದು ಸಾಮಾನ್ಯ. ರಕ್ತದ ಒಂದು ವರದಿಯಲ್ಲಿ ದೇಹದ ಎಲ್ಲ ಸಂಗತಿಯೂ ಬರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಗರ್ಭಕಂಠದ ಕ್ಯಾನ್ಸರಿನ ಮಟ್ಟಿಗೆ ಈ ನಂಬಿಕೆ ಅಪಾಯಕಾರಿ. ಆದ್ದರಿಂದ ಆ ಚೀಟಿಯ ಪ್ರಶ್ನೆಯನ್ನೇ ಪಾಠದ ಕೇಂದ್ರವಾಗಿ ಇಟ್ಟುಕೊಳ್ಳಲಾಯಿತು.

2. ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಯು

- ರಕ್ತದ ಸೂಚಕ ಎಂದರೇನು ಎಂದು ತನ್ನ ಮಾತಿನಲ್ಲಿ ಹೇಳುವನು/ಳು;
- ರೋಗವನ್ನು ಪತ್ತೆ ಮಾಡುವ ಪರೀಕ್ಷೆಗೂ, ಪತ್ತೆಯಾದ ರೋಗವನ್ನು ಅಳೆಯುವ ಪರೀಕ್ಷೆಗೂ ಇರುವ ವ್ಯತ್ಯಾಸವನ್ನು ವಿವರಿಸುವನು/ಳು;
- ಆರಂಭದ ಹಂತದಲ್ಲಿ ರಕ್ತಪರೀಕ್ಷೆ ಏಕೆ ಸಾಲದು ಎಂಬುದನ್ನು ಅಂಗಾಂಶದ ರಚನೆಯ ಆಧಾರದಿಂದ ತಿಳಿಸುವನು/ಳು;
- ಅಂಕಿಅಂಶಗಳ ಪಟ್ಟಿ ಮತ್ತು ನಕ್ಷೆಯನ್ನು ಓದಿ ತೀರ್ಮಾನಕ್ಕೆ ಬರುವನು/ಳು.

3. ಬೋಧಕರಿಗೆ ವಿಷಯಜ್ಞಾನ

ಗರ್ಭಕಂಠವು ಗರ್ಭಕೋಶದ ಕೆಳತುದಿ, ಅದರ ಬಾಯಿ. ಅದರ ಹೊರಮೈಯನ್ನು ಚಪ್ಪಟೆ ಜೀವಕೋಶಗಳ ಹಲವು ಪದರಗಳು ಹೊದ್ದಿರುತ್ತವೆ. ಇದು ಒಂಬತ್ತನೆಯ ತರಗತಿಯ 'ಅಂಗಾಂಶಗಳು' ಪಾಠದಲ್ಲಿ ಮಕ್ಕಳು ಓದಿರುವ ಶಲ್ಕ ಎಪಿಥೀಲಿಯಂ. ಒಳನಾಳಕ್ಕೆ ಕಂಬದಾಕಾರದ ಜೀವಕೋಶಗಳ ಹೊದಿಕೆ. ಈ ಎರಡು ಹೊದಿಕೆಗಳು ಸೇರುವ ವಲಯದಲ್ಲೇ ರೋಗ ಹೆಚ್ಚಾಗಿ ಹುಟ್ಟುತ್ತದೆ. ಹತ್ತರಲ್ಲಿ ಸುಮಾರು ಏಳೆಂಟು ಪ್ರಕರಣಗಳು ಶಲ್ಕಕೋಶಗಳ ಕ್ಯಾನ್ಸರ್. ಉಳಿದವುಗಳಲ್ಲಿ ಹೆಚ್ಚಿನವು ಗ್ರಂಥಿಕೋಶಗಳದ್ದು.

ಎಚ್‌ಪಿವಿ ಸೋಂಕು ಬಹಳ ಸಾಮಾನ್ಯ. ಹೆಚ್ಚಿನವರಲ್ಲಿ ದೇಹವೇ ಅದನ್ನು ಒಂದೆರಡು ವರ್ಷದಲ್ಲಿ ಹೊರಹಾಕುತ್ತದೆ. ಕೆಲವರಲ್ಲಿ ಉಳಿದುಕೊಂಡು ಜೀವಕೋಶಗಳನ್ನು ನಿಧಾನವಾಗಿ ಬದಲಿಸುತ್ತದೆ. ಸೋಂಕಿನಿಂದ ಕ್ಯಾನ್ಸರ್‌ವರೆಗಿನ ದಾರಿ ಸಾಮಾನ್ಯವಾಗಿ 15ರಿಂದ 20 ವರ್ಷದ್ದು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇನ್ನೂ ಬೇಗ. ಈ ದೀರ್ಘ ಅವಧಿಯೇ ನಮಗೆ ಸಿಗುವ ಅವಕಾಶ. ಕ್ಯಾನ್ಸರ್ ಆಗುವ ಮೊದಲೇ ಬದಲಾದ ಜೀವಕೋಶಗಳನ್ನು ಗುರುತಿಸಿ ತೆಗೆದುಹಾಕಬಹುದು.

ಇನ್ನು ರಕ್ತದ ಸೂಚಕಗಳು. ಗೆಡ್ಡೆಯು ತಯಾರಿಸಿ, ಅಥವಾ ಗೆಡ್ಡೆಯ ಕಾರಣದಿಂದ ದೇಹ ತಯಾರಿಸಿ ರಕ್ತಕ್ಕೆ ಬಿಡುವ ವಸ್ತುವನ್ನು ಸೂಚಕ ಎನ್ನುತ್ತೇವೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಸ್‌ಸಿಸಿ ಆ್ಯಂಟಿಜೆನ್ ಎಂಬ ಪ್ರೋಟೀನು. ಜಪಾನಿನ ಕಾಟೊ ಮತ್ತು ಟೊರಿಗೊಯೆ ಇದನ್ನು ಗರ್ಭಕಂಠದ ಶಲ್ಕಕೋಶ ಗೆಡ್ಡೆಯಿಂದಲೇ ಬೇರ್ಪಡಿಸಿ 1977ರಲ್ಲಿ ಪ್ರಕಟಿಸಿದರು. ಒಂದು ಮಿಲಿಲೀಟರ್ ರಕ್ತಸಾರದಲ್ಲಿ ಸುಮಾರು 1.5 ನ್ಯಾನೋಗ್ರಾಂವರೆಗೆ ಇದ್ದರೆ ಸಾಮಾನ್ಯ ಎಂದು ಹಲವು ಪ್ರಯೋಗಾಲಯಗಳು ಗಣಿಸುತ್ತವೆ. ಬಳಸುವ ಕಿಟ್‌ಗೆ ತಕ್ಕಂತೆ ಈ ಮಿತಿ ಸ್ವಲ್ಪ ಬದಲಾಗುತ್ತದೆ. ಸೈಟೋಕೆರಾಟಿನ್ ಎಂಬ ಪ್ರೋಟೀನಿನ ತುಣುಕಾದ ಸಿಫ್ರಾ 21-1 ಇನ್ನೊಂದು ಸೂಚಕ. ಗ್ರಂಥಿಕೋಶದ ಕ್ಯಾನ್ಸರ್ ಇದ್ದಾಗ ಸಿಎ-125 ಮತ್ತು ಸಿಇಎ ನೋಡುವುದುಂಟು.

ಬೋಧಕರು ಸ್ಪಷ್ಟಪಡಿಸಿಕೊಳ್ಳಬೇಕಾದ ಮೂರು ಸಂಗತಿಗಳು:

ಮೊದಲನೆಯದು, ಆರಂಭದಲ್ಲಿ ಇದು ಕಾಣುವುದಿಲ್ಲ. ಎಪಿಥೀಲಿಯಂ ಪದರದಲ್ಲಿ ರಕ್ತನಾಳಗಳಿಲ್ಲ. ಅದರ ಕೆಳಗೆ ತೆಳುವಾದ ಆಧಾರಪೊರೆ ಇದೆ, ರಕ್ತನಾಳಗಳು ಆ ಪೊರೆಯ ಕೆಳಗಿವೆ. ಕ್ಯಾನ್ಸರ್‌ಪೂರ್ವ ಹಂತದಲ್ಲಿ ಬದಲಾದ ಜೀವಕೋಶಗಳು ಪೊರೆಯ ಮೇಲೆಯೇ ಇರುತ್ತವೆ. ಗೆಡ್ಡೆ ಪೊರೆಯನ್ನು ದಾಟಿ ಬೆಳೆದ ಮೇಲೆಯೇ ಸೂಚಕ ರಕ್ತದಲ್ಲಿ ಗಮನಾರ್ಹವಾಗಿ ಏರುವುದು. ಸಣ್ಣ ಗೆಡ್ಡೆ ಇರುವ ಅನೇಕರಲ್ಲಿ ಆಗಲೂ ಅದು ಸಾಮಾನ್ಯ ಮಿತಿಯೊಳಗೇ ಇರುತ್ತದೆ.

ಎರಡನೆಯದು, ಇದು ಕ್ಯಾನ್ಸರಿಗೆ ಮಾತ್ರ ಮೀಸಲಲ್ಲ. ಆರೋಗ್ಯವಂತ ಶಲ್ಕಕೋಶಗಳೂ ಈ ಪ್ರೋಟೀನನ್ನು ತಯಾರಿಸುತ್ತವೆ. ಸೋರಿಯಾಸಿಸ್, ಇಸುಬು, ಮೂತ್ರಪಿಂಡದ ವೈಫಲ್ಯ, ಕೆಲವು ಶ್ವಾಸಕೋಶದ ಕಾಯಿಲೆಗಳಲ್ಲೂ ಏರುತ್ತದೆ. ಮಾದರಿಗೆ ಬೆವರು ಅಥವಾ ಎಂಜಲು ತಗುಲಿದರೂ ಫಲಿತಾಂಶ ತಪ್ಪಾಗಿ ಹೆಚ್ಚು ಬರಬಹುದು.

ಮೂರನೆಯದು, ರೋಗ ದೃಢಪಟ್ಟವರಲ್ಲಿ ಇದು ಬೆಲೆಯುಳ್ಳದ್ದು. ಚಿಕಿತ್ಸೆಗೆ ಮುಂಚಿನ ಮಟ್ಟವು ಗೆಡ್ಡೆಯ ಗಾತ್ರ, ಹಂತ, ದುಗ್ಧಗ್ರಂಥಿಗಳಿಗೆ ಹಬ್ಬಿರುವ ಸಾಧ್ಯತೆಯೊಂದಿಗೆ ಹೊಂದಿಕೊಳ್ಳುತ್ತದೆ. ಗೆಡ್ಡೆಯನ್ನು ಪೂರ್ಣ ತೆಗೆದರೆ ಕೆಲವು ದಿನಗಳಲ್ಲೇ ಇಳಿಯುತ್ತದೆ. ಇಳಿದದ್ದು ಮತ್ತೆ ಏರತೊಡಗಿದರೆ ರೋಗ ಮರುಕಳಿಸಿದೆಯೇ ಎಂದು ವೈದ್ಯರು ಹುಡುಕುತ್ತಾರೆ. ಹೀಗಿದ್ದರೂ ಹಂತವನ್ನು ನಿರ್ಧರಿಸುವುದು ದೈಹಿಕ ತಪಾಸಣೆ, ಸ್ಕ್ಯಾನಿಂಗ್ ಮತ್ತು ಅಂಗಾಂಶ ಪರೀಕ್ಷೆಗಳಿಂದ. ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟದ 2018ರ ಹಂತ ವಿಂಗಡಣೆಯಲ್ಲಿ ರಕ್ತದ ಸೂಚಕಕ್ಕೆ ಸ್ಥಾನವಿಲ್ಲ.

4. ಮೊದಲ ಅವಧಿ: ಪೊರೆಯ ಮೇಲೆ, ಪೊರೆಯ ಕೆಳಗೆ

ಪೀಠಿಕೆ. ಒಂಬತ್ತನೆಯ ತರಗತಿಯ ಪಾಠದಿಂದ ಮೂರು ಪ್ರಶ್ನೆ: ಚರ್ಮದ ಹೊರಪದರ ಯಾವ ಅಂಗಾಂಶ? ಉಗುರಿನ ಪಕ್ಕದ ಚರ್ಮದ ಸಿಪ್ಪೆ ತೆಗೆದರೆ ಯಾವಾಗಲೂ ರಕ್ತ ಬರುತ್ತದೆಯೇ? ಬರದಿದ್ದರೆ ಏಕೆ? ಮೂರನೆಯ ಪ್ರಶ್ನೆಗೆ ಮಕ್ಕಳಿಂದಲೇ ಉತ್ತರ ಬಂತು: "ಮ್ಯಾಲಿನ ಪದರದಾಗ ರಕ್ತನಾಳ ಇಲ್ರಿ." ಇಡೀ ಪಾಠಕ್ಕೆ ಬೇಕಾದ ಬುನಾದಿ ಈ ಉತ್ತರದಲ್ಲಿದೆ.

ಹೆಸರಿಡುವುದು. ಇಲ್ಲಿನ ಮಕ್ಕಳ ಮನೆಮಾತು ಒಂದೇ ಅಲ್ಲ. ಗರ್ಭಕಂಠ ಎಂಬ ಪುಸ್ತಕದ ಪದಕ್ಕಿಂತ 'ಗರ್ಭಚೀಲದ ಬಾಯಿ' ಬೇಗ ತಲುಪುತ್ತದೆ. ಮರಾಠಿಯಲ್ಲಿ ಗರ್ಭಪಿಶವಿ, ಉರ್ದು ಮಾತಾಡುವ ಮನೆಗಳಲ್ಲಿ ಬಚ್ಚೇದಾನಿ ಎಂಬ ಪದಗಳನ್ನೂ ಕಪ್ಪುಹಲಗೆಯಲ್ಲಿ ಬರೆಯಲಾಯಿತು. ಮನೆಯ ಪದ ಹಲಗೆಯ ಮೇಲೆ ಬಂದಾಗ ನಗು ನಿಂತು ಪಾಠ ಮುಂದುವರಿಯಿತು.

ಮಾದರಿ. ಒಂದು ಗಾಜಿನ ಲೋಟದಲ್ಲಿ ನೀರು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ದಾರ ಕಟ್ಟಬೇಕು. ನೀರು ರಕ್ತ, ಹಾಳೆ ಆಧಾರಪೊರೆ. ಹಾಳೆಯ ಮೇಲೆ ಕುಂಕುಮ ಬೆರೆಸಿದ ಹಸಿ ಮಣ್ಣಿನ ಸಣ್ಣ ಉಂಡೆ ಇಟ್ಟು ನೀರಿನ ಬಣ್ಣ ನೋಡಲು ಹೇಳಬೇಕು. ಬಣ್ಣ ಬದಲಾಗದು. ನಂತರ ಗುಂಡುಸೂಜಿಯಿಂದ ಹಾಳೆಗೆ ತೂತು ಮಾಡಿ, ಉಂಡೆಯ ಮೇಲೆ ಹನಿಹನಿಯಾಗಿ ನೀರು ಬಿಟ್ಟರೆ ಬಣ್ಣ ಇಳಿಯತೊಡಗುತ್ತದೆ. ಆಗ ಕೇಳಬೇಕಾದ ಪ್ರಶ್ನೆ: "ನೀರಿನ ಬಣ್ಣವನ್ನಷ್ಟೇ ನೋಡುತ್ತಾ ಕುಳಿತವನಿಗೆ ಉಂಡೆ ಯಾವಾಗ ಗೊತ್ತಾಗುತ್ತದೆ? ಮೇಲಿನಿಂದ ನೋಡಿದವನಿಗೆ ಯಾವಾಗ?"

ಉತ್ತರ ತಾನಾಗಿ ಬರುತ್ತದೆ: ಮೇಲಿನಿಂದ ನೋಡಿದವನಿಗೆ ಮೊದಲೇ ಗೊತ್ತು. ಇಲ್ಲಿಂದ ತಪಾಸಣೆಯ ವಿಧಾನಗಳಿಗೆ ದಾಟಬಹುದು. ಗರ್ಭಕಂಠವನ್ನು ನೇರವಾಗಿ ನೋಡುವ ಅಥವಾ ಅಲ್ಲಿಂದಲೇ ಮಾದರಿ ತೆಗೆಯುವ ಮೂರು ವಿಧಾನಗಳಿವೆ. ಮೊದಲನೆಯದು ವಿಐಎ, ದುರ್ಬಲ ಅಸಿಟಿಕ್ ಆಮ್ಲ ಹಚ್ಚಿ ನೋಡಿದಾಗ ಬದಲಾದ ಭಾಗ ಬೆಳ್ಳಗೆ ಕಾಣುತ್ತದೆ. ವಿನೆಗರ್ ಅಸಿಟಿಕ್ ಆಮ್ಲ ಎಂಬುದು ಮಕ್ಕಳಿಗೆ ರಸಾಯನಶಾಸ್ತ್ರದಿಂದ ಗೊತ್ತಿದೆ. ಎರಡನೆಯದು ಪ್ಯಾಪ್ ಪರೀಕ್ಷೆ. ಕೆರೆದು ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೂರನೆಯದು ಅದೇ ಜಾಗದ ಮಾದರಿಯಲ್ಲಿ ಎಚ್‌ಪಿವಿಯ ಡಿಎನ್‌ಎ ಹುಡುಕುವುದು. ಈ ಮೂರರಲ್ಲಿ ಯಾವುದಕ್ಕೂ ರಕ್ತ ಬೇಡ. ಈ ವಾಕ್ಯವನ್ನು ಹಲಗೆಯ ಮೇಲೆ ಬರೆದು ಅವಧಿಯ ಕೊನೆಯವರೆಗೂ ಅಳಿಸದೆ ಬಿಡಬೇಕು.

5. ಎರಡನೆಯ ಅವಧಿ: ಎಣಿಕೆ ಮತ್ತು ನಕ್ಷೆ

ಚಟುವಟಿಕೆ 1: ಜೋಳದ ಕಾಳು. "ಹಾಗಾದರೂ ಎಲ್ಲರ ರಕ್ತ ಪರೀಕ್ಷಿಸಿದರೆ ಒಂದಿಷ್ಟು ಜನ ಸಿಗುತ್ತಾರಲ್ಲ?" ಎಂಬ ಪ್ರಶ್ನೆ ಬರುತ್ತದೆ, ಬರಬೇಕು. ತರಗತಿಯನ್ನು ಹತ್ತು ಗುಂಪು ಮಾಡಿ ತಲಾ 100 ಕಾಳು ಕೊಡಬೇಕು. ಎಂಟು ಗುಂಪಿಗೆ ಬರೀ ಬಿಳಿಜೋಳ. ಎರಡು ಗುಂಪಿಗೆ 99 ಜೋಳ, ಒಂದು ತೊಗರಿ. ಒಟ್ಟು 1000 ಮಹಿಳೆಯರು, ಇಬ್ಬರಿಗೆ ಆರಂಭದ ಕ್ಯಾನ್ಸರ್ ಎಂದು ಊಹಿಸೋಣ. ಪರೀಕ್ಷೆಯು ರೋಗ ಇದ್ದವರಲ್ಲಿ ಅರ್ಧದಷ್ಟನ್ನು ಹಿಡಿಯುತ್ತದೆ, ರೋಗ ಇಲ್ಲದ ನೂರರಲ್ಲಿ ಐವರಿಗೆ ತಪ್ಪಾಗಿ 'ಹೆಚ್ಚು' ಎನ್ನುತ್ತದೆ ಎಂದುಕೊಳ್ಳೋಣ. ಇವು ಲೆಕ್ಕಕ್ಕಾಗಿ ಇಟ್ಟ ಸಂಖ್ಯೆಗಳು ಎಂದು ಮಕ್ಕಳಿಗೆ ಮೊದಲೇ ಹೇಳಬೇಕು.

ಪ್ರತಿ ಗುಂಪೂ ಐದು ಜೋಳದ ಕಾಳಿಗೆ ಕುಂಕುಮ ಹಚ್ಚುತ್ತದೆ. ಎರಡು ತೊಗರಿಗಳಲ್ಲಿ ಒಂದಕ್ಕೆ ಮಾತ್ರ ಹಚ್ಚಬೇಕು. ಕುಂಕುಮ ಹಚ್ಚಿದ ಕಾಳುಗಳನ್ನೆಲ್ಲ ಮೇಜಿನ ಮೇಲೆ ಸೇರಿಸಿದರೆ ಒಟ್ಟು 51. ಅದರಲ್ಲಿ ನಿಜವಾದ ರೋಗಿ ಒಬ್ಬಳು. ಐವತ್ತು ಮಂದಿ ಕಾರಣವಿಲ್ಲದೆ ಹೆದರಿ, ಕೆಲಸ ಬಿಟ್ಟು, ಹಣ ಸುರಿದು ದೊಡ್ಡ ಆಸ್ಪತ್ರೆಗೆ ಓಡಾಡಬೇಕು. ಇದಕ್ಕಿಂತ ದೊಡ್ಡ ಹಾನಿ ಮೇಜಿನ ಮೇಲೆ ಇಲ್ಲ. ಅದು ಗುಂಪಿನಲ್ಲೇ ಉಳಿದ ಇನ್ನೊಂದು ತೊಗರಿ. ಅವಳ ಕೈಯಲ್ಲಿ 'ನಾರ್ಮಲ್' ವರದಿ ಇದೆ. ಬಸವಕಲ್ಯಾಣದ ತರಗತಿಯಲ್ಲಿ ಒಬ್ಬ ಹುಡುಗ ಆ ತೊಗರಿಯನ್ನು ಎತ್ತಿ ಹಿಡಿದು, "ಇಕಿಗಿ ಯಾರ್ ಹೇಳ್ಬೇಕ್ರಿ?" ಎಂದು ಕೇಳಿದ. ಚೀಟಿಯ ಪ್ರಶ್ನೆಗೆ ಉತ್ತರವನ್ನು ಅಲ್ಲೇ ಕೊಡಲಾಯಿತು: ರಕ್ತದ ವರದಿ ನಾರ್ಮಲ್ ಬಂದರೆ ಗರ್ಭಕಂಠದ ಕ್ಯಾನ್ಸರ್ ಇಲ್ಲ ಎಂದು ಅರ್ಥವಲ್ಲ.

ಚಟುವಟಿಕೆ 2: ಏರಿಳಿತದ ನಕ್ಷೆ. ಸೂಚಕ ನಿಷ್ಪ್ರಯೋಜಕ ಎಂಬ ತಪ್ಪು ತೀರ್ಮಾನಕ್ಕೆ ಮಕ್ಕಳು ಹೋಗದಂತೆ ಈ ಚಟುವಟಿಕೆ. ಚಿಕಿತ್ಸೆ ಪಡೆದ ಒಬ್ಬ ಕಾಲ್ಪನಿಕ ಮಹಿಳೆಯ ಎಸ್‌ಸಿಸಿ ಮಟ್ಟಗಳನ್ನು ಕೊಟ್ಟು ಗ್ರಾಫ್ ಹಾಳೆಯಲ್ಲಿ ಬರೆಸಬೇಕು: ಚಿಕಿತ್ಸೆಗೆ ಮೊದಲು 14, ಚಿಕಿತ್ಸೆಯ ನಂತರ 3ನೇ ತಿಂಗಳು 1.2, 6ನೇ ತಿಂಗಳು 1.0, 9ನೇ ತಿಂಗಳು 1.1, 12ನೇ ತಿಂಗಳು 2.9, 15ನೇ ತಿಂಗಳು 5.4. 1.5ರ ಮಟ್ಟದಲ್ಲಿ ಅಡ್ಡಗೆರೆ ಎಳೆಸಬೇಕು.

ಪ್ರಶ್ನೆಗಳು: ಚಿಕಿತ್ಸೆ ಫಲಿಸಿತೆಂದು ಯಾವ ಬಿಂದು ಹೇಳುತ್ತದೆ? ವೈದ್ಯರಿಗೆ ಮೊದಲ ಅನುಮಾನ ಯಾವ ತಿಂಗಳು ಬರಬೇಕು? 12ನೇ ತಿಂಗಳ ಒಂದೇ ವರದಿ ನಿಮ್ಮ ಕೈಗೆ ಸಿಕ್ಕಿದ್ದರೆ ಏನು ಗೊತ್ತಾಗುತ್ತಿತ್ತು? ಕೊನೆಯ ಪ್ರಶ್ನೆ ಮುಖ್ಯ. ಸೂಚಕದ ಬೆಲೆ ಒಂದು ಸಂಖ್ಯೆಯಲ್ಲಿಲ್ಲ, ಅದೇ ವ್ಯಕ್ತಿಯ ಹಿಂದಿನ ಸಂಖ್ಯೆಗಳೊಂದಿಗಿನ ಹೋಲಿಕೆಯಲ್ಲಿದೆ. ಏರಿದ ಮೇಲೂ ಸ್ಕ್ಯಾನಿಂಗ್ ಮತ್ತು ಅಂಗಾಂಶ ಪರೀಕ್ಷೆಯಿಂದಲೇ ಮರುಕಳಿಕೆಯನ್ನು ದೃಢಪಡಿಸಬೇಕು.

ಹಲಗೆಯ ಸಾರಾಂಶ:
ಪತ್ತೆ: ರೋಗ ಇದೆಯೋ ಇಲ್ಲವೋ ಗೊತ್ತಿಲ್ಲ. ಗರ್ಭಕಂಠವನ್ನೇ ನೋಡಬೇಕು.
ದೃಢೀಕರಣ: ಅನುಮಾನ ಬಂದಿದೆ. ಅಂಗಾಂಶದ ಚೂರು ತೆಗೆದು ಪರೀಕ್ಷಿಸಬೇಕು.
ಅಳತೆ: ರೋಗ ಇದೆ ಎಂದು ಗೊತ್ತಿದೆ. ರಕ್ತದ ಸೂಚಕ ನೆರವಾಗುತ್ತದೆ.

6. ನೆರೆಯ ಜಿಲ್ಲೆಯ ಪಾಠ

ಗರ್ಭಕಂಠವನ್ನು ನೇರವಾಗಿ ಪರೀಕ್ಷಿಸಿದರೆ ನಿಜಕ್ಕೂ ಜೀವ ಉಳಿಯುತ್ತದೆಯೇ? ಇದಕ್ಕೆ ಜಗತ್ತು ಗಮನಿಸಿದ ಒಂದು ಉತ್ತರ ನಮ್ಮ ಪಕ್ಕದಲ್ಲೇ ಸಿಕ್ಕಿದೆ. ಹುಮನಾಬಾದಿನಿಂದ ಸೊಲ್ಲಾಪುರದ ಕಡೆ ಹೋಗುವ ಹೆದ್ದಾರಿ ಬಸವಕಲ್ಯಾಣ ತಾಲ್ಲೂಕು ದಾಟಿದರೆ ಸೇರುವುದೇ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. ಆ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ಒಂದು ದೊಡ್ಡ ಅಧ್ಯಯನ ನಡೆಸಿದವು. 30ರಿಂದ 59 ವರ್ಷದ 1,31,746 ಮಹಿಳೆಯರನ್ನು ಹಳ್ಳಿಗಳ 52 ಸಮೂಹಗಳಾಗಿ ವಿಂಗಡಿಸಿ ನಾಲ್ಕು ಗುಂಪು ಮಾಡಲಾಯಿತು. ಮೂರು ಗುಂಪುಗಳಿಗೆ ಎಚ್‌ಪಿವಿ, ಪ್ಯಾಪ್, ವಿಐಎ ಪರೀಕ್ಷೆಗಳಲ್ಲಿ ಒಂದೊಂದು, ಅದೂ ಒಂದೇ ಸಲ. ನಾಲ್ಕನೆಯದಕ್ಕೆ ಎಂದಿನ ವೈದ್ಯಕೀಯ ಸೇವೆ ಮಾತ್ರ. ರೆಂಗಸ್ವಾಮಿ ಶಂಕರನಾರಾಯಣನ್ ಮತ್ತು ಸಂಗಡಿಗರು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಎರಡು ಗುಂಪುಗಳ ಅಂಕಿಗಳನ್ನು ತರಗತಿಗೆ ಆರಿಸಲಾಯಿತು:

ಎಚ್‌ಪಿವಿ ಪರೀಕ್ಷೆಯ ಗುಂಪು: ಮಹಿಳೆಯರು 34,126, ಕ್ಯಾನ್ಸರ್ ಪತ್ತೆಯಾದವರು 127, ಅವರಲ್ಲಿ ಎರಡನೆಯ ಹಂತ ಅಥವಾ ಅದಕ್ಕೂ ಮುಂದುವರಿದವರು 39, ಈ ರೋಗದಿಂದ ಸಾವು 34.
ಪರೀಕ್ಷೆ ಇಲ್ಲದ ಗುಂಪು: ಮಹಿಳೆಯರು 31,488; ಕ್ಯಾನ್ಸರ್ ಪತ್ತೆಯಾದವರು 118; ಮುಂದುವರಿದವರು 82; ಸಾವು 64.

"ಪರೀಕ್ಷೆ ಮಾಡಿದ ಗುಂಪಿನಾಗ ಕ್ಯಾನ್ಸರ್ ಕಡಿಮಿ ಆಗಿಲ್ಲಲ್ರಿ, ಮತ್ತ ಏನ್ ಲಾಭ?" ಎಂದು ಹುಮನಾಬಾದಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಉತ್ತರವನ್ನು ಹೇಳದೆ, ಮುಂದುವರಿದವರ ಸಂಖ್ಯೆಯನ್ನು ಪ್ರತಿ 10,000 ಮಹಿಳೆಯರಿಗೆ ಪರಿವರ್ತಿಸಲು ಸೂಚಿಸಲಾಯಿತು. ಒಂದು ಗುಂಪಿನಲ್ಲಿ ಸುಮಾರು 11, ಇನ್ನೊಂದರಲ್ಲಿ 26. ಸಾವು ಸುಮಾರು 10 ಮತ್ತು 20. ಪತ್ತೆಯಾದವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಪತ್ತೆಯಾದ ಹೊತ್ತು ಬೇರೆ. ಲಾಭ ಇರುವುದು ಆ ಹೊತ್ತಿನಲ್ಲಿ.

ಈ ಅಧ್ಯಯನದ ಪ್ಯಾಪ್ ಮತ್ತು ವಿಐಎ ಗುಂಪುಗಳಲ್ಲಿ ಸಾವಿನ ಇಳಿಕೆ ಸಾಬೀತಾಗುವಷ್ಟು ಇರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ವಿಐಎ ಬಳಸಿದ ತಮಿಳುನಾಡಿನ ದಿಂಡಿಗಲ್ ಅಧ್ಯಯನದಲ್ಲಿ ಸಾವು ಶೇ. 35ರಷ್ಟು, ಮುಂಬೈ ಅಧ್ಯಯನದಲ್ಲಿ ಶೇ. 31ರಷ್ಟು ಕಡಿಮೆಯಾಗಿದೆ. ಪರೀಕ್ಷೆ ಸಿಗದ ನಾಲ್ಕನೆಯ ಗುಂಪಿನ ಮಹಿಳೆಯರಿಗೆ ನ್ಯಾಯ ಸಿಕ್ಕಿತೇ ಎಂಬ ಚರ್ಚೆ ಮುಂದೆ ವೈದ್ಯಲೋಕದಲ್ಲೇ ನಡೆಯಿತು. ನಿಯಂತ್ರಿತ ಪ್ರಯೋಗ ಎಂದರೇನು ಎಂದು ಕಲಿಸುವಾಗ ಆ ಪ್ರಶ್ನೆಯನ್ನೂ ಮಕ್ಕಳ ಮುಂದಿಡಬಹುದು.

7. ಮೌಲ್ಯಮಾಪನ

1. 'ಸೂಚಕ ಹೆಚ್ಚಿದೆ, ಆದ್ದರಿಂದ ಕ್ಯಾನ್ಸರ್ ಇದೆ.' ಈ ಹೇಳಿಕೆ ಏಕೆ ಸರಿಯಲ್ಲ? ಎರಡು ಕಾರಣ ಕೊಡಿ.
2. 'ಸೂಚಕ ಸಾಮಾನ್ಯವಿದೆ, ಆದ್ದರಿಂದ ಕ್ಯಾನ್ಸರ್ ಇಲ್ಲ.' ಇದು ಏಕೆ ಸರಿಯಲ್ಲ? ಆಧಾರಪೊರೆಯ ಚಿತ್ರ ಬರೆದು ವಿವರಿಸಿ.
3. ಮುಟ್ಟು ನಿಂತು ಎರಡು ವರ್ಷವಾದ ಮಹಿಳೆಗೆ ಮತ್ತೆ ರಕ್ತಸ್ರಾವವಾಗಿದೆ. ರಕ್ತಪರೀಕ್ಷೆಯಲ್ಲಿ ಏನೂ ಕಂಡಿಲ್ಲ. ಮುಂದೆ ಏನು ಮಾಡಬೇಕು?
4. ಜೋಳದ ಚಟುವಟಿಕೆಯಲ್ಲಿ ಕ್ಯಾನ್ಸರ್ ಇರುವವರು 1000ಕ್ಕೆ 100 ಮಂದಿ ಎಂದಿದ್ದರೆ, 'ಹೆಚ್ಚು' ಎಂದು ಬಂದವರಲ್ಲಿ ನಿಜವಾದ ರೋಗಿಗಳ ಪಾಲು ಎಷ್ಟು?

ನಾಲ್ಕನೆಯ ಪ್ರಶ್ನೆಗೆ ಉತ್ತರ: 50 ನಿಜ, 45 ತಪ್ಪು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಪರೀಕ್ಷೆ ಬದಲಾಗಿಲ್ಲ, ಪರೀಕ್ಷೆಗೆ ಒಳಗಾದ ಜನ ಬದಲಾದರು. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುವ ಪರೀಕ್ಷೆ ಊರಿನ ಶಿಬಿರದಲ್ಲಿ ಏಕೆ ಸೋಲುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಗೃಹಪಾಠ: ಮನೆಯಲ್ಲಿ ಯಾರ ಆರೋಗ್ಯದ ವಿವರವನ್ನೂ ಕೇಳಿ ಬರೆಯಬಾರದು. ಬದಲಿಗೆ, ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠದ ತಪಾಸಣೆ ಯಾವ ದಿನ ನಡೆಯುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆದುಕೊಂಡು ಬನ್ನಿ.

8. ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಹುಡುಗ-ಹುಡುಗಿಯರನ್ನು ಬೇರ್ಪಡಿಸದೆ ಪಾಠ ಮಾಡುವುದು ಒಳ್ಳೆಯದು. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವವನು ಅನೇಕ ಮನೆಗಳಲ್ಲಿ ಮಗನೇ.

ಪಾಠದ ನಂತರ ಯಾರಾದರೂ ಮನೆಯವರ ವರದಿಯನ್ನು ತಂದು ತೋರಿಸಬಹುದು. ಅದನ್ನು ಓದಿ ಅರ್ಥ ಹೇಳುವುದು ಶಿಕ್ಷಕರ ಕೆಲಸವಲ್ಲ. ಎಲ್ಲಿಗೆ ಹೋಗಬೇಕು ಎಂದು ಹೇಳುವುದು ಖಂಡಿತ ಶಿಕ್ಷಕರ ಕೆಲಸ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ವಿಐಎ ತಪಾಸಣೆ ಆಗಬೇಕು. ಹೆಚ್ಚಿನ ಪರೀಕ್ಷೆಗೆ ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡಿದ್ದೇವೆ ಎಂದ 30ರಿಂದ 49 ವರ್ಷದ ಮಹಿಳೆಯರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. 35ನೇ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ, ನೂರಕ್ಕೆ 70 ಮಹಿಳೆಯರಿಗೆ ತಪಾಸಣೆ ಆಗಬೇಕೆಂಬುದು 2030ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗುರಿ.

ಲಸಿಕೆಯ ಪ್ರಶ್ನೆ ಬಂದೇ ಬರುತ್ತದೆ. 9ರಿಂದ 14 ವರ್ಷದ ಹುಡುಗಿಯರಿಗೆ ಕೊಡುವುದು ಹೆಚ್ಚು ಫಲಕಾರಿ, ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ, ಲಸಿಕೆ ಪಡೆದವರೂ ಮುಂದೆ ತಪಾಸಣೆ ಮಾಡಿಸಿಕೊಳ್ಳಬೇಕು ಎಂಬ ಮೂರು ಮಾತು ಸಾಕು.

ಹೊಸ ಸಂಶೋಧನೆಗಳ ಬಗ್ಗೆ ಆಸಕ್ತ ಮಕ್ಕಳು ಕೇಳಬಹುದು. ರಕ್ತದಲ್ಲಿ ತೇಲುವ ಎಚ್‌ಪಿವಿ ಡಿಎನ್‌ಎ ತುಣುಕುಗಳನ್ನು ಅಳೆದು ಮರುಕಳಿಕೆಯನ್ನು ಬೇಗ ಗುರುತಿಸುವ ಪ್ರಯತ್ನಗಳು ನಡೆದಿವೆ. ಅವೂ ಮುಖ್ಯವಾಗಿ ಅಳತೆಯ ಸಾಲಿಗೆ ಸೇರುವವು. ಪತ್ತೆಯ ಸಾಲಿನಲ್ಲಿ ಹಲಗೆಯ ಮೇಲಿನ ವಾಕ್ಯ ಇಂದಿಗೂ ಹಾಗೆಯೇ ಇದೆ: ಗರ್ಭಕಂಠವನ್ನೇ ನೋಡಬೇಕು.